ಆಯಿಲ್ ಮುಚ್ಚಳದ ಕೆಳಗಿನ ಚಹಾ

ಭಾನುವಾರ ಬೆಳಿಗ್ಗೆ ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಅಪ್ಪ ಕಾರಿನ ಆಯಿಲ್ ಮುಚ್ಚಳವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ನನ್ನ ಮುಖದ ಮುಂದೆ ಹಿಡಿದ. ಮುಚ್ಚಳದ ಒಳಮೈಗೆ ಏನೋ ಮೆತ್ತಿಕೊಂಡಿತ್ತು. ತಿಳಿ ಕಂದು ಬಣ್ಣ, ಮೇಲೊಂದಿಷ್ಟು ನೊರೆ. ನನ್ನ ಕಪ್ಪಿನಲ್ಲಿದ್ದದ್ದಕ್ಕೂ ಅದಕ್ಕೂ ಬಣ್ಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

“ನೋಡು. ನೀರು ಆಯಿಲಿನ್ಯಾಗ ಕೂಡ್ಯಾದ. ಹೆಡ್ ಗ್ಯಾಸ್ಕೆಟ್ ಹೋಗ್ಯಾದ,” ಅಂದ. ಯಾರೋ ಬೇಕಾದವರು ತೀರಿಕೊಂಡ ಸುದ್ದಿಯನ್ನು ಹೇಳುವಾಗ ಅಪ್ಪ ಇದೇ ದನಿಯಲ್ಲಿ ಮಾತಾಡುತ್ತಾನೆ. ನಾನು ಕಪ್ಪನ್ನು ಕೆಳಗಿಟ್ಟೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಎಂಜಿನ್ನಿನೊಳಗೆ ಎಣ್ಣೆಗೊಂದು ದಾರಿ, ನೀರಿಗೊಂದು ದಾರಿ. ಎಣ್ಣೆ ಕಬ್ಬಿಣ ಕಬ್ಬಿಣ ಉಜ್ಜದಂತೆ ಕಾಯುತ್ತದೆ, ನೀರು ಕಾವು ಇಳಿಸುತ್ತದೆ. ಎರಡೂ ಅಕ್ಕಪಕ್ಕದಲ್ಲೇ ಓಡಾಡಿದರೂ ಒಂದರ ಮುಖ ಇನ್ನೊಂದು ನೋಡಬಾರದು. ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳ್ಳನೆಯ ತಗಡಿನ ಹಾಳೆ ಗೋಡೆಯಾಗಿ ಕೂತಿರುತ್ತದೆ. ಅದು ಸುಟ್ಟುಹೋದರೆ ಎಣ್ಣೆ ನೀರು ಕೂಡಿ ಹಾಲು ಹಾಕಿದ ಚಹಾದಂತಾಗುತ್ತದೆ. ಆಮೇಲೆ ಎಂಜಿನ್ನಿನ ತಲೆ ಬಿಚ್ಚಬೇಕು. ಹೊಸ ಗಾಡಿಯಾದರೆ ಬಿಚ್ಚುತ್ತಾರೆ. ನಮ್ಮದರಂಥ ಮುದಿ ಗಾಡಿಯಾದರೆ ಗುಜರಿಯವನಿಗೆ ಫೋನ್ ಮಾಡುತ್ತಾರೆ.

ನಮ್ಮ ಯಜಮಾನರು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ಊಟಕ್ಕೆ ಎಷ್ಟು ಕೂಗಿದರೂ ಕೇಳಿಸದ ಅವರ ಕಿವಿಗೆ ‘ಗ್ಯಾಸ್ಕೆಟ್’ ಎಂಬ ಮಾತು ಸ್ನಾನದ ಮನೆಯೊಳಗಿಂದಲೇ ಕೇಳಿಸಿತ್ತು. ಮುಚ್ಚಳ ನೋಡಿ “ಛೇ ಛೇ” ಅಂದರು. ಅಷ್ಟು ಖುಷಿಯ ಛೇಯನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

“ಮಾಮಾ, ನೀವು ಹೇಳಿದ್ಮ್ಯಾಲ ಮುಗೀತು. ನಿಮಗಿಂತ ತಿಳಿದವ್ರು ಯಾರದಾರ? ಮಾನ್ವ್ಯಾಗ ನಮ್ಮ ಗುರ್ತಿನ ಗುಜರಿಯಾವ ಅದಾನ. ಬರೋ ಐತವಾರ ಬಂದು ಒಯ್ಯಿ ಅಂತ ಹೇಳ್ತೀನಿ,” ಅಂದರು.

ಅಪ್ಪ ಹೂಂ ಅಂದ. ಗಾಡಿ ನನ್ನ ಹೆಸರಿನಲ್ಲಿತ್ತು. ಆದರೆ ಆ ಹೊತ್ತಿನಲ್ಲಿ ಅಷ್ಟು ಸಣ್ಣ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಯಜಮಾನರ ಕಾರು ಬೇರೆ. ಕೊಂಡು ವರ್ಷ ದಾಟಿದರೂ ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಅದನ್ನು ಅವರೊಬ್ಬರೇ ಓಡಿಸುತ್ತಾರೆ, ಅವರೊಬ್ಬರೇ ಒರೆಸುತ್ತಾರೆ. ನನಗೆ ಅದರಲ್ಲಿ ಕೂಡುವ ಹಕ್ಕಿದೆ, ಪಕ್ಕದ ಸೀಟಿನಲ್ಲಿ, ಚಪ್ಪಲಿ ಝಾಡಿಸಿಕೊಂಡು. ಹಳೇ ಕಾರು ಹೋದರೆ ನನ್ನ ಪಾಲಿಗೆ ಉಳಿಯುವುದು ಆ ಪ್ಲಾಸ್ಟಿಕ್ ಸೀಟು ಮತ್ತು ಸಿಟಿ ಬಸ್ಸು, ಅಷ್ಟೇ. ಕಾರು ಹೋದೀತೆಂಬುದಕ್ಕಿಂತ ಸ್ಟೇರಿಂಗು ಹೋಗುತ್ತದೆಂಬುದೇ ನನ್ನ ಸಂಕಟ.

ಈ ಸಂಕಟಕ್ಕೆ ಕಾರಣ ಅಪ್ಪನೇ. ಅಪ್ಪ ಮಲ್ಲಟದಲ್ಲಿ ಹುಟ್ಟಿದವನು. ನಮ್ಮ ಅಜ್ಜಿ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಅವನನ್ನು ಬೆಳೆಸಿದಳು. ಆ ಮನೆಯಲ್ಲಿ ಸರಕಾರಿ ನೌಕರಿ ಕಂಡ ಮೊದಲ ಮನುಷ್ಯ ಅವನೇ, ಇಲಾಖೆಯೊಂದರಲ್ಲಿ ಜೀಪಿನ ಡ್ರೈವರ್. ಆಫೀಸಿನೊಳಗೆ ಅವನಿಗೊಂದು ಕುರ್ಚಿ ಇರಲಿಲ್ಲ. ಎಲ್ಲಿ ಕೂತರೂ ಯಾರಾದರೂ ಬಂದು “ಸ್ವಲ್ಪ ಸರಿ” ಅನ್ನುತ್ತಿದ್ದರಂತೆ. ಜೀಪಿನಲ್ಲಿ ಮಾತ್ರ ಹಾಗಿಲ್ಲ. ಎಂಥ ಸಾಹೇಬನೇ ಬರಲಿ, ಸ್ಟೇರಿಂಗಿನ ಮುಂದೆ ಕೂತವನನ್ನು ಏಳು ಅನ್ನುವಂತಿಲ್ಲ. ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ, ದೇವದುರ್ಗದ ಕಾಲೇಜಿಗೆ ವರ್ಗವಾಗಿ ಬಸ್ಸಿನಲ್ಲಿ ನಿಂತು ನಿಂತು ಕಾಲು ಬಾತಾಗ, ಅಪ್ಪ ತನಗೆ ಗುರುತಿದ್ದ ಒಬ್ಬರಿಂದ ಈ ಹಳೇ ಕಾರು ಕೊಡಿಸಿದ. ಗುಂಜಹಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಕೂರಿಸಿ ತಾನೇ ಓಡಿಸಲು ಕಲಿಸಿದ. “ಇಲ್ಲಿ ಕುಂತ್ರ ನಿನಗ ಯಾರೂ ಸರಿ ಅನ್ನಂಗಿಲ್ಲ, ತಿಳೀತಿಲ್ಲ?” ಅಂದಿದ್ದ. ಕ್ಲಚ್ ಬಿಡುವುದಕ್ಕಿಂತ ಮೊದಲು ಅವನು ಕಲಿಸಿದ ಪಾಠ ಅದು.

ಅಂಥವನೇ ಈಗ ಕಾರಿಗೆ ಮರಣದಂಡನೆ ಹಾಕಿದ್ದ. ಅದಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತೆಂಬುದೂ ನಿಜ. ಆದರೆ ಅಪ್ಪನ ಪ್ರಕಾರ ಲಕ್ಷಣ ಎಂದರೆ ಲಕ್ಷಣ. ಮುಚ್ಚಳದ ಕೆಳಗೆ ಚಹಾ ಕಂಡರೆ ಗ್ಯಾಸ್ಕೆಟ್ ಹೋಗಿದೆ, ಎರಡನೇ ಮಾತಿಲ್ಲ. ಸರ್ವೀಸಿನಲ್ಲಿ ಅವನ ಮಾತು ಎಂದೂ ತಪ್ಪಿರಲಿಲ್ಲವಂತೆ. ತಪ್ಪಿದೆ ಎಂದು ಹೇಳುವ ಧೈರ್ಯದವರು ಯಾರೂ ಸಿಕ್ಕಿರಲಿಲ್ಲವೆಂದು ನನ್ನ ಅನಿಸಿಕೆ.

ನಮ್ಮ ಕಡೆ ಯಾರಿಗಾದರೂ ಜಡ್ಡಾದರೆ ಮಾತಾಡಿಸಿಕೊಂಡು ಬರುವ ಪದ್ಧತಿ ಇದೆ. ಹೋಗದಿದ್ದರೆ ಜನ್ಮಜನ್ಮಕ್ಕೂ ಅಂದಾಡುತ್ತಾರೆ. ರೋಗಿಗೆ ಎಚ್ಚರವಿರಲಿ, ಇಲ್ಲದಿರಲಿ, ಮಂಚದ ಸುತ್ತ ಕೂತು, ತಮಗೆ ಗೊತ್ತಿದ್ದ ಯಾರಿಗೋ ಹೀಗೇ ಆಗಿ ಅವರು ಹೇಗೆ ಸತ್ತರೆಂಬುದನ್ನು ವಿವರವಾಗಿ ಹೇಳಿ, ಚಹಾ ಕುಡಿದು, “ಧೈರ್ಯ ತಗೋರಿ” ಎಂದು ಎದ್ದು ಹೋಗಬೇಕು. ಕಾರಿಗೆ ಗ್ಯಾಸ್ಕೆಟ್ ಹೋದ ಸುದ್ದಿ ಓಣಿಯಲ್ಲಿ ಹರಡಿದ ಮೇಲೆ ಜನ ಕಾರನ್ನು ಮಾತಾಡಿಸಲು ಬಂದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಪಕ್ಕದ ಮನೆಯ ಮುದುಕಿ ಬಾನೆಟ್ಟಿನ ಮೇಲೆ ಕೈಯಾಡಿಸಿ “ಯವ್ವಾ, ಯಾರ ಕಣ್ಣು ಬಿತ್ತೋ” ಎಂದು ನಿಟ್ಟುಸಿರು ಬಿಟ್ಟಳು. ನಾವು ಬುದ್ಧನ ಫೋಟೋ ಬಿಟ್ಟು ಗಾಡಿಗೆ ಬೇರೇನೂ ಕಟ್ಟುವುದಿಲ್ಲವೆಂದು ಗೊತ್ತಿದ್ದರೂ ಹೋಗುವಾಗ ನಂಬರ್ ಪ್ಲೇಟಿಗೆ ಒಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೇ ಹೋದಳು. ಅಪ್ಪ ಅದನ್ನು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟ. ಸಂಜೆ ಚಿತ್ರಾನ್ನ ಮಾಡಿದೆ.

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ದಿನಾ ಸಂಜೆ ಬಂದರು. ಬಂದವರೆಲ್ಲ ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು. ಬಾನೆಟ್ ಎತ್ತಿಸಿ, ಮುಚ್ಚಳ ಬಿಚ್ಚಿಸಿ, ಮೂಸಿ ನೋಡಿ, ತಲೆ ಅಲ್ಲಾಡಿಸಿ, “ಹೀಟ್ ಆಗ್ಯಾದ್ರಿ” ಅಂದರು.

ಈ ಹೀಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಯಚೂರಿನಲ್ಲಿ ರೋಗ ಇರುವುದು ಒಂದೇ, ಅದು ಹೀಟ್. ತಲೆ ನೋಯಲಿ, ಕಣ್ಣು ಕೆಂಪಾಗಲಿ, ಕುರು ಏಳಲಿ, ಹುಡುಗರು ಪರೀಕ್ಷೆಯಲ್ಲಿ ನಪಾಸಾಗಲಿ, ಗಂಡಹೆಂಡತಿ ಜಗಳವಾಡಲಿ, ಹೀಟ್ ಆಗಿದೆ. ಔಷಧಿಯೂ ಒಂದೇ, ತಂಪು. ಮಜ್ಜಿಗೆ, ಸೌತೆಕಾಯಿ, ನೆನೆಹಾಕಿದ ಕಾಮಕಸ್ತೂರಿ ಬೀಜ, ನೆತ್ತಿಗೆ ಹರಳೆಣ್ಣೆ. ಮೇ ತಿಂಗಳ ಬಿಸಿಲು ಕಂಡವರಿಗೆ ಇದು ತಮಾಷೆ ಅನ್ನಿಸಲಾರದು. ಆದರೆ ಇವರು ಹೀಟ್ ಹೀಟ್ ಎನ್ನುತ್ತಿದ್ದದ್ದು ಸಂಕ್ರಾಂತಿಯ ಮುಂಚಿನ ಚಳಿಯಲ್ಲಿ, ಸ್ವೆಟರ್ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು. ಅಪ್ಪನಂತೂ ಈ ಶಾಸ್ತ್ರದಲ್ಲಿ ಊರಿಗೇ ಗುರು. ಚಳಿಗಾಲದಲ್ಲೂ ಮಾವಿನಹಣ್ಣಿನ ಹೆಸರೆತ್ತಿದರೆ ಹೊಟ್ಟೆ ಉರಿಯುತ್ತದೆ ಅನ್ನುತ್ತಾನೆ.

ಬಂದವರೆಲ್ಲ ಅಪ್ಪನ ಜೊತೆ ಮಾತಾಡಿದರು, ಯಜಮಾನರಿಗೆ ಸಮಾಧಾನ ಹೇಳಿದರು. ನನಗೆ ಹೇಳಿದ್ದು ಒಂದೇ ಮಾತು, “ಅಕ್ಕಾರ, ಸಕ್ಕರಿ ಕಡಿಮಿ ಹಾಕ್ರಿ.” ನಾನು ಚಹಾ ಸೋಸಿ ಸೋಸಿ ಕೊಟ್ಟೆ. ಎರಡು ದಿನ ಮುಚ್ಚಳ ನೋಡಿದ ಮೇಲೆ ಯಜಮಾನರು ಮಾತ್ರ ಹಾಲು ಹಾಕಿದ ಚಹಾ ಬಿಟ್ಟು ಕರಿ ಚಹಾ ಕೇಳತೊಡಗಿದರು.

ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನಾನು ಪಾತ್ರೆ ತಿಕ್ಕುತ್ತೇನೆ ಇಲ್ಲವೇ ಏನಾದರೂ ಓದುತ್ತೇನೆ. ಪಾತ್ರೆಗಳೆಲ್ಲ ಮುಗಿದ ಮೇಲೆ ಫೋನ್ ತೆಗೆದು, ಎಣ್ಣೆ ನೀರು ಕೂಡಿದರೆ ಹೇಗೆ ಪತ್ತೆ ಹಚ್ಚುವುದೆಂದು ಹುಡುಕಿದೆ. ಲೋಕದಲ್ಲಿ ಇಷ್ಟು ಜನ ಬಾನೆಟ್ ಎತ್ತಿ ನಿಂತು ವಿಡಿಯೋ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರೆಲ್ಲ ಹೇಳಿದ್ದರಲ್ಲಿ ಒಂದು ಮಾತು ನನಗೆ ಹಿಡಿಸಿತು. ಮುಚ್ಚಳವೊಂದನ್ನೇ ನೋಡಿ ತೀರ್ಪು ಕೊಡಬೇಡಿ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ, ನೀರು ಕಡಿಮೆಯಾಗುತ್ತಿದೆಯೋ ನೋಡಿ, ಆಮೇಲೆ ಮಾತಾಡಿ.

ಹೇಗೂ ಗುಜರಿಗೆ ಹೋಗುವ ಗಾಡಿ, ಅಲ್ಲಿಯವರೆಗೆ ಕಾಲೇಜಿಗೆ ಒಯ್ಯಬೇಡ ಎಂದು ಯಾರೂ ಅಂದಿರಲಿಲ್ಲ. ಮರುದಿನ ಕಾಲೇಜಿಗೆ ಹೊರಡುವ ಮುಂಚೆ ಕಡ್ಡಿ ಎಳೆದು ಹಳೇ ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ಎಳೆದೆ. ತುದಿಯಲ್ಲಿದ್ದ ಎಣ್ಣೆ ಕಪ್ಪಗಿತ್ತು, ತೆಳ್ಳಗೆ ಮಿಂಚುತ್ತಿತ್ತು, ನೊರೆಯಿಲ್ಲ, ಹಾಲಿಲ್ಲ. ಕೆಳಗೆ ತುಂಬಿರುವ ಎಣ್ಣೆಗೆ ನೀರು ಕೂಡಿದ್ದರೆ ಅದೂ ಚಹಾ ಆಗಿರಬೇಕಿತ್ತಲ್ಲ? ನೀರನ್ನು ತಣಿಸುವ ರೇಡಿಯೇಟರಿನ ಪಕ್ಕದಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಅದರ ಹೊರಮೈಯಲ್ಲಿ, ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಸರಿಯಾಗಿ ನನ್ನ ಹಣೆಯ ಟಿಕಳಿ ತೆಗೆದು ಅಂಟಿಸಿದೆ. ಬೋಳು ಹಣೆಯಲ್ಲಿ ಸ್ಟಾಫ್ ರೂಮಿಗೆ ಹೋದಾಗ ಎಲ್ಲರೂ ಹುಷಾರಿಲ್ಲವೇ ಎಂದು ಕೇಳಿದರು. ಕಾರಿಗೆ ಹುಷಾರಿಲ್ಲ, ನಾನು ಚೆನ್ನಾಗಿದ್ದೇನೆ ಅಂದೆ. ಹೀಟ್ ಆಗಿರಬೇಕು ಅಂದರು.

ಆಮೇಲೆ ದಿನಾ ನೋಡಿದರೂ ಟಿಕಳಿಯ ಕೆಳಗೆ ನೀರು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ನೀರು ಎಲ್ಲಿಗೂ ಹೋಗದಿದ್ದರೆ ಎಣ್ಣೆಗೆ ಬಂದ ನೀರು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅನ್ನದ ಪಾತ್ರೆಯಲ್ಲಿ. ಕುದಿಯುತ್ತಿದ್ದ ಅನ್ನವನ್ನು ಅರ್ಧಕ್ಕೇ ಒಲೆಯಿಂದ ಇಳಿಸಿ ತಟ್ಟೆ ಮುಚ್ಚಿದ್ದೆ. ಎತ್ತಿದಾಗ ತಟ್ಟೆಯ ಕೆಳಗೆ ಹನಿಗಳು ಸಾಲಾಗಿ ನಿಂತಿದ್ದವು. ಉಗಿ ಹೊರಗೆ ಹೋಗಲಾರದೆ ತಣ್ಣನೆಯ ತಟ್ಟೆಗೆ ತಾಗಿ ನೀರಾಗಿತ್ತು. ಎಂಜಿನ್ನಿನ ಮುಚ್ಚಳವೂ ಹೀಗೇ ಒಂದು ತಟ್ಟೆಯಲ್ಲವೇ?

ಮತ್ತೆ ವಿಡಿಯೋ ಹುಡುಕಿದೆ. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು, ಬೆನ್ನ ಹಿಂದೆ ಮೊಳದುದ್ದ ಹಿಮ ಬಿದ್ದಿದ್ದ ಅಂಗಳದಲ್ಲಿ ನಿಂತ ಒಬ್ಬ ಮನುಷ್ಯ ಸಿಕ್ಕ. ಥಂಡಿ ದೇಶದಲ್ಲಿ ಗಾಡಿಯನ್ನು ದಿನಾ ಒಂದೊಂದು ಮೈಲಿ ಓಡಿಸಿ ನಿಲ್ಲಿಸಿದರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಒಳಗಿನ ಉಗಿ ಹೊರಗೆ ಹೋಗುವುದಿಲ್ಲ, ಮುಚ್ಚಳದ ಕೆಳಗೆ ನೀರಾಗಿ ಎಣ್ಣೆಯೊಡನೆ ಸೇರಿ ಕೆನೆ ಕಟ್ಟುತ್ತದೆ, ಕಡ್ಡಿ ಮಾತ್ರ ಸ್ವಚ್ಛ ಇರುತ್ತದೆ, ನೀರು ಕಡಿಮೆ ಆಗುವುದಿಲ್ಲ, ಗ್ಯಾಸ್ಕೆಟ್ ಗಟ್ಟಿಯಾಗೇ ಇರುತ್ತದೆ, ಒಮ್ಮೆ ದೂರ ಓಡಿಸಿಕೊಂಡು ಬನ್ನಿ ಅಂದ. ಪ್ರತಿ ಮಾತೂ ನಮ್ಮ ಕಾರಿಗೆ ಸರಿಹೊಂದಿತು. ದೇವದುರ್ಗದಿಂದ ಊರೊಳಗಿನ ಕಾಲೇಜಿಗೆ ನನಗೆ ವರ್ಗವಾಗಿ ಆರೇಳು ತಿಂಗಳಾಗಿತ್ತು. ಈಗ ಕಾರು ಮನೆಯಿಂದ ಕಾಲೇಜು, ಕಾಲೇಜಿನಿಂದ ತರಕಾರಿ ಅಂಗಡಿ, ಅಲ್ಲಿಂದ ಮನೆ, ಅಷ್ಟೇ ಓಡುತ್ತಿತ್ತು. ಆದರೂ ನಾನು ಫೋನ್ ಮುಚ್ಚಿಟ್ಟೆ. ಹಿಮ ಬೀಳುವ ದೇಶದ ರೋಗ ರಾಯಚೂರಿನ ಕಾರಿಗೆ ಬಂದಿದೆ ಎಂದು ಯಾವ ಬಾಯಿಂದ ಹೇಳುವುದು? ಇಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಕಾರು ತಾನೇ ಕಾಯುತ್ತದೆ.

ಕಾಯಲಿಲ್ಲ ಎಂಬುದನ್ನು ಗುರುವಾರ ಕಾಲೇಜಿಗೆ ಹೋಗುವಾಗ ಕಂಡೆ. ಡ್ಯಾಶ್‌ಬೋರ್ಡಿನಲ್ಲಿ ಕಾವು ತೋರಿಸುವ ಮುಳ್ಳು ಅಡಿಗೆ ಮಲಗಿಬಿಟ್ಟಿತ್ತು. ಹೊರಡುವಾಗ ಎಲ್ಲಿತ್ತೋ ತಲುಪಿದಾಗಲೂ ಅಲ್ಲೇ. ಅಪ್ಪ ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ, “ನೋಡ್ರಿ, ಮುಳ್ಳು ಏಳೂದೇ ಇಲ್ಲ” ಅನ್ನುತ್ತಿದ್ದ. ಅಂದು ಮಧ್ಯಾಹ್ನ ಪೀರಿಯಡ್ ಮುಗಿಸಿ ನೇರ ಗ್ಯಾರೇಜಿಗೆ ಹೋದೆ.

ನಮ್ಮ ಕಾರು ನೋಡುವ ಮೆಕ್ಯಾನಿಕ್ಕನ್ನು ಊರೆಲ್ಲ ಉಸ್ತಾದ ಅನ್ನುತ್ತದೆ. ಅಪ್ಪನ ಜೀಪಿನ ಕಾಲದಿಂದ ಗುರುತು. ನಾನು ಹೇಳಿದ್ದನ್ನೆಲ್ಲ ಅವನು ತಲೆ ತಗ್ಗಿಸಿಕೊಂಡು ಕೇಳಿದ. ಗಾಡಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿಸಿದ. ಗ್ಯಾಸ್ಕೆಟ್ ಹೋಗಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕು. ಇಬ್ಬರೂ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ನೀರಿನ ಮೇಲೆ ಎಣ್ಣೆಯ ಜಿಡ್ಡೂ ಇರಲಿಲ್ಲ. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪನ್ನು ಮುಟ್ಟಿ ನೋಡಿ ಅಂದ. ಮುಟ್ಟಿದೆ. ಆಗಲೇ ಉಗುರುಬೆಚ್ಚಗಿತ್ತು.

“ವಾಲ್ವ್ ಇಲ್ಲರೀ ಮೇಡಂ ಇದರಾಗ,” ಅಂದ.

ಥರ್ಮೋಸ್ಟ್ಯಾಟ್ ಎಂಬ ಪುಟ್ಟ ವಾಲ್ವ್ ಒಂದಿರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ಬಾಗಿಲು ಹಾಕಿಕೊಂಡು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ, ಪೈಪು ತಣ್ಣಗೇ ಇರುತ್ತದೆ. ಬೇಕಾದಷ್ಟು ಕಾದ ಮೇಲೆ ತಾನೇ ಬಾಗಿಲು ತೆಗೆಯುತ್ತದೆ. ಅದನ್ನು ಕಿತ್ತರೆ ಬಾಗಿಲು ಸದಾ ತೆರೆದ ಹಾಗೆ, ನೀರು ತಣ್ಣಗಾಗುತ್ತಲೇ ಇರುತ್ತದೆ, ಎಂಜಿನ್ನಿಗೆ ಕಾಯಲು ಪುರಸೊತ್ತೇ ಸಿಗುವುದಿಲ್ಲ. ದೇವದುರ್ಗದವರೆಗೆ ಓಡಿಸುತ್ತಿದ್ದಾಗ ಹೇಗೋ ಕಾದು ಉಗಿಯನ್ನು ಹೊರಗೆ ಹಾಕುತ್ತಿತ್ತು. ಊರೊಳಗಿನ ತಿರುಗಾಟದಲ್ಲಿ ಅದಕ್ಕೆ ಥಂಡಿ ಹತ್ತಿತ್ತು. ಇಡೀ ರಾಯಚೂರಿನಲ್ಲಿ ತಂಪು ಹೆಚ್ಚಾಗಿ ಜಡ್ಡು ಬಿದ್ದದ್ದು ನಮ್ಮ ಕಾರೊಂದೇ ಇರಬೇಕು ಅಂದೆ.

“ಒಂದೇ ಅಲ್ಲರೀ,” ಅಂದ ಉಸ್ತಾದ. “ಈ ಊರಾಗ ಹಳೇ ಗಾಡಿಗೆ ಯಾವುದಕ್ಕೂ ವಾಲ್ವ್ ಇಲ್ಲ. ಜನ ಬಂದು ತೆಗಿ ಅಂತಾರ, ತೆಗಿತೀನಿ. ಬ್ಯಾಡ ಅಂದ್ರ ಬ್ಯಾರೆ ಗ್ಯಾರೇಜಿಗೆ ಹೊಕ್ಕಾರ.”

“ನಮ್ಮದು ಯಾರು ತೆಗಿಸ್ಯಾರ?”

“ಕಾಕಾ.”

ಕಾಕಾ ಎಂದರೆ ನಮ್ಮಪ್ಪ. ಹಿಂದಿನ ವರ್ಷದ ಬೇಸಿಗೆಯಲ್ಲಿ ನಾನು ದೇವದುರ್ಗದಿಂದ ಬರುವಾಗ ಗಬ್ಬೂರು ದಾಟಿದ ಮೇಲೆ ಗಾಡಿ ಉಗಿ ಕಾರಿ ನಿಂತುಬಿಟ್ಟಿತ್ತು. ನೀರಿನ ಪೈಪು ಒಡೆದಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದು ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತು, ಕೊನೆಗೆ ಬಸ್ಸು ಹತ್ತಿ ಮನೆಗೆ ಬಂದೆ. ನನಗೆ ಅದು ಬಿಸಿಲಿನ ನೆನಪು ಮಾತ್ರ. ಮರುದಿನ ಅಪ್ಪ ಗಾಡಿ ತಂದು ರಿಪೇರಿ ಮಾಡಿಸಿ, “ಇನ್ನ ಜನ್ಮದಾಗ ಹೀಟ್ ಆಗಂಗಿಲ್ಲ, ಹಂಗ ಮಾಡ್ಸೀನಿ” ಅಂದಿದ್ದ. ಏನು ಮಾಡಿಸಿದೆ ಎಂದು ನಾನು ಕೇಳಿರಲಿಲ್ಲ.

“ಗ್ಯಾಸ್ಕೆಟ್ ಛಲೋ ಅದ ಅಂತ ನಿಮಗ ಗೊತ್ತಿತ್ತೇನು?” ಎಂದು ಉಸ್ತಾದನನ್ನು ಕೇಳಿದೆ.

“ಕಾಕಾ ಮುಚ್ಚಳ ತಂದು ತೋರ್ಸಿದ್ರಲ್ಲ, ಅವತ್ತ ಅನುಮಾನ ಬಂತರೀ.”

“ಮತ್ತ ಹೇಳಾಕೇನಾಗಿತ್ತು ನಿಮಗ?”

ಅವನು ಗಾಬರಿಯಾದ. “ಕಾಕಾರ ಮುಂದ? ನನಗ ಸ್ಪ್ಯಾನರ್ ಹಿಡಿಯಾಕ ಕಲಿಸಿದವ್ರ ಅವರು. ನೀವ ಹೇಳ್ರಿ, ನೀವು ಮಗಳು. ಅವರು ಹೂಂ ಅಂದ್ರ ವಾಲ್ವ್ ಹಾಕೂದು ಎಷ್ಟೊತ್ತಿನ ಕೆಲಸ? ಅವರು ಹೂಂ ಅನ್ನೋತನಕ ನಾ ಮುಟ್ಟಂಗಿಲ್ಲ.”

ಹೀಗೆ ವಿಜ್ಞಾನವೆಲ್ಲ ಮುಗಿದು ವಿಷಯ ಅಪ್ಪನ ಹೂಂಗೆ ಬಂದು ನಿಂತಿತು. ಯಜಮಾನರಿಗೆ ಹೇಳಿ ನೋಡಿದೆ. “ನೀ ಹೇಳಿದ್ದು ಖರೇ ಇರಬಹುದು. ಆದ್ರ ಮಾಮಾ ಹೇಳಿದ ಮ್ಯಾಲ…” ಎಂದು ಆಕಾಶ ನೋಡಿದರು. ಮದುವೆಯಾದಾಗಿನಿಂದ ಮಾವನ ಯಾವ ಮಾತಿಗೂ ಅವರು ಇಷ್ಟು ಬೆಲೆ ಕೊಟ್ಟದ್ದು ನಾನು ಕಂಡಿಲ್ಲ.

ಶನಿವಾರ ಸಂಜೆ ಅಪ್ಪ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ. ಕಡ್ಡಿ, ಟಿಕಳಿ, ಗುಳ್ಳೆ, ಪೈಪು, ಎಲ್ಲ ಹೇಳಿದೆ. ಅನ್ನದ ತಟ್ಟೆಯನ್ನು ಒಳಗಿನಿಂದ ತಂದೇ ತೋರಿಸಿದೆ. ಕೊನೆಗೆ ವಾಲ್ವಿನ ಮಾತು ತೆಗೆದೆ.

ಅಪ್ಪ ಲೋಟ ಕೆಳಗಿಟ್ಟ. “ಗಾಡಿ ಹೀಟ್ ಆಗಿ ಸತ್ತಿದ್ದು ನೋಡೀನಿ. ತಂಪು ಹೆಚ್ಚಾಗಿ ಸತ್ತಿದ್ದು ನೋಡಿಲ್ಲ. ನನಗ ಕಲಿಸಾಕ ಬಂದೀ?”

“ಕಲಿಸಾಕ ಬಂದಿಲ್ಲಪ್ಪಾ. ನಾಳೆ ಗುಜರಿಯಾವ ಬರ್ತಾನ. ನೀ ಒಂದು ಮಾತು ಹೇಳಿದ್ರ ಗಾಡಿ ಉಳಿತದ. ನಾ ಹೇಳಿದ್ರ ಯಾರೂ ಕೇಳೂದಿಲ್ಲ.”

“ಸರ್ವೀಸಿನ್ಯಾಗ ನಾ ಹೇಳಿದ್ದು ಒಮ್ಮೆರೆ ಸುಳ್ಳಾಗ್ಯಾದೇನು?” ಎಂದು ಎದ್ದು ಒಳಗೆ ಹೋದ. ಊಟಕ್ಕೂ ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ನನಗೆ ಅವನ ಮೇಲೆ ಹಿಂದೆಂದೂ ಅಷ್ಟು ಕೋಪ ಬಂದಿರಲಿಲ್ಲ. ಸೀಟಿನ ಮೇಲೆ ತಾನೇ ಕೂರಿಸಿ ತಾನೇ ಇಳಿಸುತ್ತಿದ್ದಾನಲ್ಲ ಎಂದು ಅಳು ಬಂತು, ಅತ್ತುಬಿಟ್ಟೆ.

ಭಾನುವಾರ ಗುಜರಿಯವನು ಮಾನ್ವಿಯಿಂದ ಸಣ್ಣ ಲಾರಿ ತಂದ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ವಾಗತಿಸಿದರು. ಹೆಡ್‌ಮಾಸ್ತರರು ಬಂದರು, ಪಕ್ಕದ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಬಂದಳು. ಗಾಡಿಯನ್ನು ಎತ್ತುವುದಕ್ಕೆ ಮುಂಚೆ ಚಹಾ ಆಗಲೇಬೇಕು. ನಾನು ಟ್ರೇ ಹಿಡಿದು ಹೊರಗೆ ಬಂದಾಗ ಗುಜರಿಯವನು ಆಯಿಲ್ ಮುಚ್ಚಳ ತಿರುವಿ ನೋಡುತ್ತಿದ್ದ.

“ಗ್ಯಾಸ್ಕೆಟ್ ಹೋಗ್ಯಾದ. ಕಬ್ಬಿಣದ ಲೆಕ್ಕಾನ ಆತು ಇದು,” ಅಂದ.

“ಹೋಗಿಲ್ಲ,” ಅಂದ ಅಪ್ಪ.

ಬಾಗಿಲಲ್ಲಿ ನಿಂತಿದ್ದ. ಗಡ್ಡ ಕೆರೆದಿರಲಿಲ್ಲ. ಕಾರಿನ ಹತ್ತಿರ ಬಂದು ಗುಜರಿಯವನ ಕೈಯಿಂದ ಮುಚ್ಚಳ ತೆಗೆದುಕೊಂಡು ತನ್ನ ಪಂಚೆಯ ಅಂಚಿನಿಂದ ಒರೆಸಿದ.

“ಗ್ಯಾಸ್ಕೆಟ್ ಹೋಗಿಲ್ಲ. ನಾ ಹೇಳಿದ್ದು ತಪ್ಪು,” ಅಂದ. ಯಾರನ್ನೂ ನೋಡದೆ ಮುಚ್ಚಳಕ್ಕೇ ಹೇಳುತ್ತಿರುವವನಂತೆ ಮಾತಾಡಿದ. “ವಾಲ್ವ್ ನಾನ ತೆಗಿಸಿದ್ದು. ಉಸ್ತಾದ ಬ್ಯಾಡ ಅಂದ, ನಾ ಕೇಳ್ಲಿಲ್ಲ. ಅವತ್ತು ಒಡೆದಿದ್ದು ಬರೇ ಪೈಪು, ಪೈಪ್ ಹಾಕ್ಸಿದ್ರ ಮುಗಿತಿತ್ತು. ಸಾಹೇಬರ ಜೀಪು ಎಷ್ಟು ಸಲ ಅಡವ್ಯಾಗ ನಿಂತದ, ಒಂದಿನಾನೂ ನನಗ ಹೆದರಿಕಿ ಆಗಿಲ್ಲ. ಅವತ್ತು ಈಕಿ ಬರೋತನಕ ಗೇಟಿನ್ಯಾಗ ನಿಂತಿದ್ದೆ. ಕಾರು ನಾನ ಕೊಡಿಸಿದ್ದು, ನಾನ ಕಲಿಸಿದ್ದು. ಏನರೆ ಆಗಿದ್ರ?”

ಹೆಡ್‌ಮಾಸ್ತರರು ಹೀಟ್ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ನನ್ನ ಕೈಯಲ್ಲಿ ಟ್ರೇ ಇತ್ತು, ಅದನ್ನು ಇಡಲು ಜಾಗ ಕಾಣಲಿಲ್ಲ. ನಿನ್ನೆಯ ಕೋಪಕ್ಕೆ ನನಗೇ ನಾಚಿಕೆಯಾಯಿತು.

ಮೊದಲು ಚೇತರಿಸಿಕೊಂಡವರು ಯಜಮಾನರು. ಅವರ ಮುಖ ಅರಳಿತು. “ಅಂದ್ರ ಎಂಜಿನ್ ಛಲೋ ಅದ ಅಂದಂಗಾತು! ಕೇಳಿದ್ರೇನ್ರಿ? ಕೆಟ್ಟ ಗಾಡಿ ಅಲ್ಲ ಇದು. ಕಬ್ಬಿಣದ ರೇಟಿಗೆ ಹೆಂಗ ಕೊಡೂದು? ಛಲೋ ಗಾಡಿಗೆ ಛಲೋ ರೇಟ್ ಹೇಳ್ರಿ!” ಎಂದು ಗುಜರಿಯವನ ಹೆಗಲ ಮೇಲೆ ಕೈ ಹಾಕಿದರು.

ಕೆಟ್ಟಿದೆ ಎಂಬುದಕ್ಕೆ ಮಾರಬೇಕಾಗಿದ್ದ ಗಾಡಿಯನ್ನು ಈಗ ಚೆನ್ನಾಗಿದೆ ಎಂಬುದಕ್ಕೆ ಮಾರಬೇಕಾಗಿತ್ತು. ಗುಜರಿಯವನೂ ಒಂದು ಸುತ್ತು ಹಾಕಿ, ಟೈರು ಒದ್ದು, ಯೋಚಿಸುವವನಂತೆ ಗದ್ದ ತುರಿಸಿಕೊಂಡ. ಇಷ್ಟೆಲ್ಲ ಪತ್ತೆ ಹಚ್ಚಿ ನಾನು ಸಾಧಿಸಿದ್ದು ಯಜಮಾನರಿಗೆ ಒಂದು ಒಳ್ಳೆಯ ರೇಟು ಎಂದು ಹೊಳೆದಾಗ ನನಗೆ ನಗು ಬರುವುದರಲ್ಲಿತ್ತು.

“ಗಾಡಿ ಯಾರದು?” ಅಂದ ಅಪ್ಪ.

“ಹಂಗಲ್ಲ ಮಾಮಾ…” ಅಂದರು ಯಜಮಾನರು.

“ಅಕೀನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ವಾರ ಊರೆಲ್ಲ ಬಂದು ಆ ಕಾರಿನ ಬಗ್ಗೆ ಅಪ್ಪನನ್ನು ಕೇಳಿದ್ದರು, ಯಜಮಾನರನ್ನು ಕೇಳಿದ್ದರು, ಕಾರನ್ನೇ ಮಾತಾಡಿಸಿದ್ದರು. ನನಗೆ ಪ್ರಶ್ನೆ ಬಂದದ್ದು ಇದೇ ಮೊದಲು. ವಾರವಿಡೀ ತಲೆಯೊಳಗೆ ಜೋಡಿಸಿಟ್ಟುಕೊಂಡಿದ್ದ ಉಗಿ, ವಾಲ್ವು, ಗುಳ್ಳೆಗಳ ಉಪನ್ಯಾಸವೆಲ್ಲ ಮರೆತುಹೋಯಿತು.

“ಕೊಡೂದಿಲ್ಲ,” ಅಂದೆ.

ಗುಜರಿಯವನು ನನ್ನ ಟ್ರೇಯಿಂದ ಕಪ್ಪು ಎತ್ತಿಕೊಂಡು ನಿಧಾನವಾಗಿ ಚಹಾ ಕುಡಿದ. “ಮೊದಲ ಕೇಳಬೇಕಿತ್ತಲ್ರಿ ಸರ್ ಮನ್ಯಾಗ. ಮಾನ್ವಿಯಿಂದ ಲಾರಿ ತಂದೀನಿ,” ಎಂದು ಯಜಮಾನರಿಗೆ ಹೇಳಿ ಹೊರಟುಹೋದ. ಯಜಮಾನರು ತಮ್ಮ ಕಾರನ್ನು ಒರೆಸಲು ಹೋದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಮರುದಿನ ಉಸ್ತಾದ ಹೊಸ ವಾಲ್ವ್ ಹಾಕಿ, ಎಣ್ಣೆ ಬದಲಿಸಿ, ಒಳಗೆ ಉಳಿದ ಪಸೆ ಹೋಗಬೇಕಾದರೆ ಒಮ್ಮೆ ದೂರ ಓಡಿಸಿಕೊಂಡು ಬರ್ರಿ ಅಂದ. ಸಂಕ್ರಾಂತಿಯ ರಜೆಯ ದಿನ ಮಾನ್ವಿ ರಸ್ತೆ ಹಿಡಿದೆ. ಅಪ್ಪ ಕರೆಯದೇ ಬಂದು ಪಕ್ಕದಲ್ಲಿ ಕೂತ. ಕಾಲ ಹತ್ತಿರ ನೀರಿನ ಕ್ಯಾನು ಇಟ್ಟುಕೊಂಡಿದ್ದ.

ಊರು ದಾಟಿದ ಮೇಲೆ ಎರಡೂ ಕಡೆ ಕಡಲೆಯ ಹೊಲ, ಜೋಳ. ರಸ್ತೆ ನೆಟ್ಟಗಿತ್ತು. ಸ್ವಲ್ಪ ದೂರ ಹೋದ ಮೇಲೆ ಎಂಜಿನ್ನಿನ ದನಿ ಬದಲಾಯಿತು, ಗೊರಗೊರ ನಿಂತು ಮೆತ್ತಗಾಯಿತು. ಮಲಗಿದ್ದ ಮುಳ್ಳು ಮೇಲೆದ್ದಿತು, ಬಹಳ ದಿನಗಳ ಮೇಲೆ ನಮ್ಮ ಕಾಲಿಗೆ ಎಂಜಿನ್ನಿನ ಬಿಸಿಗಾಳಿ ತಾಗಿತು. ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತ. ಅವನ ಕೈ ಕ್ಯಾನಿನ ಹಿಡಿಗೆ ಹೋಯಿತು. ಕಾವು ಹತ್ತಿದ ತಕ್ಷಣ ಗಾಡಿ ನಿಲ್ಲಿಸಿ ನೀರು ಹಾಕಿಯೇ ಬದುಕಿದ ಮನುಷ್ಯ. ಈಗ ನಿಲ್ಲಿಸು ಅನ್ನುತ್ತಾನೆಂದು ನಾನು ಗೇರು ಇಳಿಸಿ, ಮುಂದೆ ಎಲ್ಲಾದರೂ ನೆರಳಿದೆಯೇ ಎಂದು ನೋಡತೊಡಗಿದೆ.

“ಯಾಕ ಸ್ಲೋ ಮಾಡಿದಿ?” ಅಂದ.

“ನೀರು ಹಾಕ್ತಿ ಏನೋ ಅಂತ.”

ಅಪ್ಪನ ಬೆರಳು ಇನ್ನೂ ಕ್ಯಾನಿನ ಹಿಡಿಯ ಮೇಲೇ ಇದ್ದವು. ಆಮೇಲೆ ಒಂದೊಂದೇ ಬಿಡಿಸಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡಿದ.

“ನಿಂತ್ರ ನಿಂದರ್ಲಿ ಬಿಡು,” ಅಂದ. “ನೀ ಹೊಡಿ.”